ಹೊಸ ಮಷಿನ್ ತರುವ ಮೊದಲು ಹಳೆಯದರ ಗಂಟೆ ಎಣಿಸಿ

ಓದುಗರ ಪತ್ರ: "ಶಿವಮೊಗ್ಗದ ಮಾಚೇನಹಳ್ಳಿಯಲ್ಲಿ ನಮ್ಮದೊಂದು ಜಾಬ್ ವರ್ಕ್ ಶಾಪ್. ಮೂರು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಟರ್ನಿಂಗ್ ಮಷಿನ್, ಒಂದು ವಿಎಂಸಿ (ಮಿಲ್ಲಿಂಗ್ ಮಷಿನ್), ಹನ್ನೊಂದು ಜನ. ಮೆಟೀರಿಯಲ್ ಸೇರಿ ವರ್ಷದ ವಹಿವಾಟು 1.4 ಕೋಟಿ. ಎರಡು ಶಿಫ್ಟ್ ಓಡಿಸಿದರೂ ಡೆಲಿವರಿ ತಪ್ಪುತ್ತದೆ. ದಿನಕ್ಕೆ ಎರಡೆರಡು ಸೆಟ್ಟಿಂಗ್, ಒಂದೊಂದಕ್ಕೂ ಒಂದೂವರೆ ಗಂಟೆ. ಸಾಲ ಮಾಡಿ 25 ಲಕ್ಷದ ಇನ್ನೊಂದು ಟರ್ನಿಂಗ್ ಸೆಂಟರ್ ತರಬೇಕೆಂದಿದ್ದೇನೆ. ಇಬ್ಬರು ಗ್ರಾಹಕರಿಂದ 14 ಲಕ್ಷ ಬರಬೇಕಿದೆ, 90 ದಿನ ದಾಟಿದೆ. ಸೆಮಿನಾರ್‌ಗೆ ಹೋದರೆ ಎಲ್ಲರೂ 'ಇನ್ನೋವೇಶನ್ ಮಾಡಿ, ಸ್ವಂತ ಪ್ರಾಡಕ್ಟ್ ಮಾಡಿ' ಅನ್ನುತ್ತಾರೆ. ಅಡಿಕೆ ಸುಲಿಯುವ ಯಂತ್ರ ಮಾಡುವ ಯೋಚನೆಯೂ ಇದೆ. ಇಡೀ ಶಾಪ್‌ನ ಲೆಕ್ಕ ಇಡುವ ಇಆರ್‌ಪಿ ಸಾಫ್ಟ್‌ವೇರ್ ಬೇಕೇ? ಎಲ್ಲಿಂದ ಶುರು ಮಾಡಲಿ?"

ಸಂಪಾದಕರ ಉತ್ತರ:

ಮಾನ್ಯರೇ,

ಸೆಟ್ಟಿಂಗ್, ಅಂದರೆ ಒಂದು ಜಾಬ್ ಮುಗಿದು ಇನ್ನೊಂದಕ್ಕೆ ಮಷಿನ್ ಅಣಿಗೊಳಿಸುವ ಕೆಲಸದ ಬಗ್ಗೆ ನೀವು ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ನಾವು ಅಲ್ಲಿಂದಲೇ ಶುರು ಮಾಡುತ್ತೇವೆ. ಎರಡು ಸೆಟ್ಟಿಂಗ್, ತಲಾ 90 ನಿಮಿಷ ಅಂದರೆ ಒಂದು ಮಷಿನ್ ದಿನದ 16 ಗಂಟೆಯಲ್ಲಿ ಮೂರು ಗಂಟೆ ಚಿಪ್ ಹಾರಿಸದೆ ನಿಂತಿರುತ್ತದೆ. ಇದನ್ನು 40 ನಿಮಿಷಕ್ಕೆ ತಂದರೆ ಒಂದು ಮಷಿನ್‌ಗೆ ದಿನಕ್ಕೆ 100 ನಿಮಿಷ ಉಳಿಯಿತು. 25 ದಿನ, ಮೂರು ಮಷಿನ್ ಲೆಕ್ಕಕ್ಕೆ ತಿಂಗಳಿಗೆ 125 ಗಂಟೆ. ನೀವು ತರಬೇಕೆಂದಿರುವ ಮಷಿನ್ ಎರಡು ಶಿಫ್ಟ್ ಓಡಿದರೆ ತಿಂಗಳಿಗೆ ಕೊಡುವುದು 400 ಗಂಟೆ. ಅದರ ಮೂರನೇ ಒಂದು ಭಾಗದಷ್ಟು ನಿಮ್ಮ ಶೆಡ್‌ನಲ್ಲೇ ಬಿದ್ದಿದೆ, ಅದಕ್ಕೆ ಇಎಂಐ ಇಲ್ಲ.

ಹೊಸ ಮಷಿನ್‌ನ ಲೆಕ್ಕವನ್ನೂ ನೋಡಿ. 25 ಲಕ್ಷಕ್ಕೆ ಶೇ 75 ಸಾಲ ಸಿಕ್ಕಿತು ಎಂದುಕೊಳ್ಳೋಣ: 18.75 ಲಕ್ಷ, ಐದು ವರ್ಷ, ಬಡ್ಡಿ ಶೇ 10.5. ಇಎಂಐ ಸುಮಾರು 40,300. ಇಬ್ಬರು ಆಪರೇಟರ್‌ಗಳಿಗೆ 44,000, ಕರೆಂಟಿಗೆ 18,000, ಇನ್ಸರ್ಟ್, ಕೂಲೆಂಟ್, ರಿಪೇರಿಗೆ 17,000 ಎಂದಿಟ್ಟುಕೊಂಡರೆ ತಿಂಗಳಿಗೆ 1,19,300. ಗಂಟೆಗೆ 350 ರೂಪಾಯಿ ದರ ಸಿಕ್ಕರೆ 341 ಗಂಟೆ ದುಡಿದ ಮೇಲಷ್ಟೇ ಅಸಲು. ಅಂದರೆ 400 ಗಂಟೆಯಲ್ಲಿ ಶೇ 85. ಈಗಿರುವ ಮಷಿನ್‌ಗಳೇ ಅಷ್ಟು ದುಡಿಯುತ್ತಿಲ್ಲ, ಹೊಸದು ಹೇಗೆ ದುಡಿಯುತ್ತದೆ? ಅದೂ ಅದೇ ಸೆಟ್ಟರ್‌ಗಾಗಿ ಸಾಲಿನಲ್ಲಿ ಕಾಯುತ್ತದೆ. ನಮ್ಮ ಅಂಕಿ ಅಳಿಸಿ ನಿಮ್ಮ ಅಂಕಿ ಹಾಕಿಕೊಳ್ಳಿ, ಲೆಕ್ಕದ ಕ್ರಮ ಮಾತ್ರ ಬದಲಾಗುವುದಿಲ್ಲ. ಇನ್ನೊಂದು ಮಾತು: 25 ಲಕ್ಷದ ಮೇಲೆ ಶೇ 18 ಜಿಎಸ್‌ಟಿ, ಅಂದರೆ 4.5 ಲಕ್ಷ. ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಬರುತ್ತದೆ ನಿಜ, ಆದರೆ ನಿಮ್ಮ ಬಿಲ್ಲಿನ ತೆರಿಗೆಯಲ್ಲಿ ತಿಂಗಳು ತಿಂಗಳು ವಜಾ ಆಗುತ್ತಾ ಬರುತ್ತದೆ. ಸಾಲ ಸಿಗದೆ ನೀವೇ ಹಾಕಬೇಕಾದ ಮಾರ್ಜಿನ್ 6.25 ಲಕ್ಷ ಸೇರಿದರೆ ಮೊದಲ ದಿನವೇ ಕೈಯಿಂದ ಹೋಗುವುದು 10.75 ಲಕ್ಷ. ಎಷ್ಟೋ ಶಾಪ್‌ಗಳು ಮಷಿನ್ ತಂದ ಮೂರನೇ ತಿಂಗಳಲ್ಲಿ ಸಂಬಳಕ್ಕೆ ಪರದಾಡುವುದು ಇದಕ್ಕೇ.

ಮೊದಲು ಎರಡು ವಾರ ಅಳತೆ. ಫ್ಯಾನುಕ್ ಕಂಟ್ರೋಲ್ ಇದ್ದರೆ ರನ್ ಟೈಮ್, ಸೈಕಲ್ ಟೈಮ್, ಪಾರ್ಟ್ಸ್ ಕೌಂಟ್ ಪರದೆಯ ಮೇಲೇ ಇರುತ್ತವೆ. ಶಿಫ್ಟ್ ಮುಗಿಯುವಾಗ ಅದನ್ನು ಬರೆದುಕೊಳ್ಳಬೇಕು. ಮಷಿನ್ ನಿಂತಾಗಲೆಲ್ಲ ಕಾರಣ ಬರೆಯಲು ಪಕ್ಕದಲ್ಲೊಂದು ಹಾಳೆ: ಸೆಟ್ಟಿಂಗ್, ಟೂಲ್ ಇಲ್ಲ, ಮೆಟೀರಿಯಲ್ ಇಲ್ಲ, ಇನ್‌ಸ್ಪೆಕ್ಷನ್, ಕರೆಂಟ್, ಬ್ರೇಕ್‌ಡೌನ್. ಆರಕ್ಕಿಂತ ಹೆಚ್ಚು ಕಾಲಂ ಇಟ್ಟರೆ ಯಾರೂ ತುಂಬುವುದಿಲ್ಲ. ಹಾಳೆ ತೋರಿಸಿ ಒಮ್ಮೆ ಯಾರನ್ನಾದರೂ ಬೈದಿರೋ, ಮರುದಿನದಿಂದ ಬರುವುದೆಲ್ಲ ಸುಳ್ಳು ಲೆಕ್ಕ.

ಆಮೇಲೆ ಒಂದು ಸೆಟ್ಟಿಂಗನ್ನು ಆದಿಯಿಂದ ಅಂತ್ಯದವರೆಗೆ ಮೊಬೈಲ್‌ನಲ್ಲಿ ವಿಡಿಯೊ ಮಾಡಿ ಸೆಟ್ಟರ್ ಜೊತೆ ಕೂತು ನೋಡಿ. ನಿಮ್ಮಂಥ ಶಾಪ್‌ನಲ್ಲಿ 90 ನಿಮಿಷ ಬಹುಮಟ್ಟಿಗೆ ಹೀಗೆ ಹಂಚಿಹೋಗುತ್ತದೆ: ಜಾ (ಚಕ್‌ನಲ್ಲಿ ಜಾಬ್ ಹಿಡಿಯುವ ತುಂಡು), ಟೂಲ್, ಡ್ರಾಯಿಂಗ್ ಹುಡುಕಲು 25, ಸಾಫ್ಟ್ ಜಾ (ಜಾಬ್‌ನ ಅಳತೆಗೆ ಕೊರೆದುಕೊಳ್ಳುವ ಮೆದು ಜಾ) ಕೂರಿಸಿ ಬೋರ್ ಮಾಡಲು 25, ಆಫ್‌ಸೆಟ್ (ಟೂಲ್‌ನ ಸ್ಥಾನದ ಅಳತೆ) ತೆಗೆಯಲು 15, ಮೊದಲ ಪೀಸ್ ತೆಗೆದು ಓಕೆಗಾಗಿ ಕಾಯಲು 25. ಜಪಾನಿನ ಶಿಗೆಯೊ ಶಿಂಗೊ 1969ರಲ್ಲಿ ಟೊಯೊಟಾದಲ್ಲಿ 1000 ಟನ್ ಪ್ರೆಸ್ಸಿನ ಡೈ ಬದಲಾವಣೆಯನ್ನು ನಾಲ್ಕು ಗಂಟೆಯಿಂದ ಮೊದಲು ಒಂದೂವರೆ ಗಂಟೆಗೆ, ಕೊನೆಗೆ ಮೂರು ನಿಮಿಷಕ್ಕೆ ಇಳಿಸಿದ್ದು ಒಂದೇ ಪ್ರಶ್ನೆ ಹಿಡಿದುಕೊಂಡು: ಈ ಕೆಲಸಕ್ಕೆ ಮಷಿನ್ ನಿಲ್ಲಲೇಬೇಕೇ? ಹುಡುಕಾಟಕ್ಕೆ ಮಷಿನ್ ನಿಲ್ಲಬೇಕಾಗಿಲ್ಲ. ಹಿಂದಿನ ಜಾಬ್ ಓಡುತ್ತಿರುವಾಗಲೇ ಮುಂದಿನ ಜಾಬ್‌ನ ಜಾ, ಇನ್ಸರ್ಟ್ ಹಾಕಿದ ಟೂಲ್, ಗೇಜ್, ಡ್ರಾಯಿಂಗ್, ಆಲನ್ ಕೀ ಎಲ್ಲ ಒಂದು ಟ್ರಾಲಿಯಲ್ಲಿ ಮಷಿನ್ ಪಕ್ಕ ಬಂದಿರಬೇಕು. 25 ನಿಮಿಷ ಮೂರಕ್ಕೆ ಇಳಿಯುವುದು ಇಷ್ಟರಿಂದಲೇ.

ಸಾಫ್ಟ್ ಜಾ ಕಡೆ ಸ್ವಲ್ಪ ಹೆಚ್ಚು ಗಮನ ಬೇಕು. ಪ್ರತಿ ಪಾರ್ಟ್ ನಂಬರಿಗೂ ಅದರದೇ ಮೂರು ಜಾಗಳ ಒಂದು ಸೆಟ್ ಡಬ್ಬಿಯಲ್ಲಿರಲಿ. ಜಾ ಮೇಲೆ 1, 2, 3 ಪಂಚ್ ಮಾಡಿ, ಚಕ್‌ನ ಮಾಸ್ಟರ್ ಜಾ ಮೇಲೂ ಅದೇ ನಂಬರ್ ಇರಲಿ, ಎಷ್ಟನೇ ಸೆರೇಶನ್ ಹಲ್ಲಿಗೆ ಕೂರಬೇಕೆಂದು ಗೆರೆ ಹಾಕಿ. ಬೋರ್ ಮಾಡುವಾಗ ಜಾ ನಡುವೆ ರಿಂಗ್ ಹಿಡಿಸಿ, ಜಾಬ್ ಹಿಡಿಯುವ ಹೈಡ್ರಾಲಿಕ್ ಪ್ರೆಶರ್‌ನಲ್ಲೇ ಮಾಡಬೇಕು. ಸಡಿಲ ಬಿಟ್ಟು ಬೋರ್ ಮಾಡಿದರೆ ಒತ್ತಡ ಬಿದ್ದಾಗ ಜಾ ಬಾಯಿ ಅಗಲವಾಗಿ ಜಾಬ್ ಹಿಂಬದಿಯಲ್ಲಷ್ಟೇ ಹಿಡಿಯುತ್ತದೆ, ರನ್‌ಔಟ್ (ತಿರುಗುವಾಗ ಓಲಾಟ) ಬರುತ್ತದೆ. ಅದೇ ಜಾ ಮತ್ತೆ ಹಾಕುವಾಗ ಪೂರ್ತಿ ಬೋರಿಂಗ್ ಬೇಡ, 0.1 ಮಿ.ಮೀ. ಸ್ಕಿಮ್ ಸಾಕು. ಸೆರೇಶನ್ ನಡುವೆ ಒಂದು ಚಿಪ್ ಉಳಿದರೂ ಈ ಶ್ರಮವೆಲ್ಲ ವ್ಯರ್ಥ, ಹಾಗಾಗಿ ಟ್ರಾಲಿಯಲ್ಲಿ ವೈರ್ ಬ್ರಶ್ ಇರಲೇಬೇಕು.

ಮೊದಲ ಪೀಸ್ ಕಾಯುವುದು ಸೆಕೆಂಡ್ ಶಿಫ್ಟ್‌ನ ರೋಗ. ಇನ್‌ಸ್ಪೆಕ್ಟರ್ ಮನೆಗೆ ಹೋಗಿರುತ್ತಾರೆ, ಆಪರೇಟರ್‌ಗೆ ಓಕೆ ಹೇಳುವ ಅಧಿಕಾರವಿಲ್ಲ. ಪ್ರತಿ ಜಾಬ್‌ನಲ್ಲೂ ಗಂಭೀರವಾದ ಅಳತೆ ಮೂರೋ ನಾಲ್ಕೋ ಇರುತ್ತವೆ. ಅವಕ್ಕೆ ಗೋ-ನೋಗೋ ಪ್ಲಗ್ ಗೇಜ್, ಸ್ನ್ಯಾಪ್ ಗೇಜ್ ಕೊಟ್ಟು ಸಹಿಯ ಅಧಿಕಾರ ಆಪರೇಟರ್‌ಗೇ ಬಿಡಿ. ಬಿಸಿ ಜಾಬ್ ಅಳೆಯದಂತೆ ಎಚ್ಚರಿಕೆ ಇರಲಿ. 100 ಮಿ.ಮೀ. ಉಕ್ಕು 10 ಡಿಗ್ರಿ ಕಾದರೆ 11-12 ಮೈಕ್ರಾನ್ ಬೆಳೆಯುತ್ತದೆ. 20 ಮೈಕ್ರಾನ್ ಟಾಲರೆನ್ಸ್ ಇರುವ ಜಾಬ್‌ನಲ್ಲಿ ಅರ್ಧ ಅಲ್ಲಿಗೇ ಹೋಯಿತು. ಬೆಳಿಗ್ಗೆ ಮಷಿನ್‌ಗೆ ಕಾಲು ಗಂಟೆ ವಾರ್ಮ್‌ಅಪ್ ಕೊಡದೆ ಶುರು ಮಾಡಿದರೆ ಮೊದಲ ಹತ್ತು ಪೀಸ್ ಒಂದೊಂದೂ ಒಂದೊಂದು ಸೈಜು. ಗೇಜ್ ಕ್ಯಾಲಿಬ್ರೇಶನ್‌ಗೆ ಬೆಂಗಳೂರಿನಲ್ಲಿ ಕೇಂದ್ರ ಸರ್ಕಾರದ ಸಂಸ್ಥೆ ಸಿಎಂಟಿಐ ಇದೆ. ಟೂಲ್ ಮತ್ತು ಫಿಕ್ಸ್ಚರ್ ಕೆಲಸಕ್ಕೆ, ಆಪರೇಟರ್ ತರಬೇತಿಗೆ ರಾಜ್ಯ ಸರ್ಕಾರದ ಜಿಟಿಟಿಸಿಯ ಕೇಂದ್ರಗಳು ರಾಜ್ಯದ ಹಲವು ಊರುಗಳಲ್ಲಿವೆ. ಸಣ್ಣ ಶಾಪ್‌ನವರು ಇವುಗಳ ಬಾಗಿಲು ತಟ್ಟುವುದು ಕಡಿಮೆ ಎಂಬುದು ನಮ್ಮ ಬೇಸರ.

ಇಷ್ಟೆಲ್ಲ ಮಾಡಿ ಮೂರು ತಿಂಗಳಿಗೆ ಮತ್ತೆ 80 ನಿಮಿಷಕ್ಕೆ ಬಂದು ನಿಲ್ಲುವ ಶಾಪ್‌ಗಳೂ ಇವೆ. ಸಾಮಾನ್ಯವಾಗಿ ಎರಡು ಕಾರಣ. ಒಂದು, ಇನ್ಸೆಂಟಿವ್ ಪೀಸ್ ಲೆಕ್ಕದಲ್ಲಿರುತ್ತದೆ. ಹಾಗಾಗಿ ಆಪರೇಟರ್‌ಗೆ ಉದ್ದ ಬ್ಯಾಚ್ ಇಷ್ಟ, ಸೆಟ್ಟಿಂಗ್ ಕಷ್ಟ. ಸೆಟ್ಟಿಂಗ್ ನಿಮಿಷಕ್ಕೂ ಸ್ವಲ್ಪ ಇನ್ಸೆಂಟಿವ್ ಇರಲಿ. ಎರಡು, ಸೆಟ್ಟಿಂಗ್ ವಿದ್ಯೆಯೆಲ್ಲ ಒಬ್ಬರ ತಲೆಯಲ್ಲಿರುತ್ತದೆ. ಅವರು ರಜೆ ಹಾಕಿದ ದಿನ ಶಾಪ್ ಕುಂಟುತ್ತದೆ, ಅದು ಅವರಿಗೂ ಗೊತ್ತು. ಫೋಟೊ ಸಮೇತ ಸೆಟ್ಟಿಂಗ್ ಶೀಟ್ ಬರೆಸುವಾಗ ಅವರ ಹೆಸರನ್ನೇ ಅದರ ಮೇಲೆ ಹಾಕಿ, ಇನ್ನಿಬ್ಬರಿಗೆ ಕಲಿಸಿದ್ದಕ್ಕೆ ಸಂಬಳದಲ್ಲಿ ತೋರಿಸಿ. ಬರೀ ಮಾತಿನಲ್ಲಿ ಕೇಳಿದರೆ ಯಾರು ತಾನೇ ಬಿಟ್ಟುಕೊಡುತ್ತಾರೆ?

ಇನ್ನು 14 ಲಕ್ಷದ ಬಾಕಿ. ಹೊಸ ಮಷಿನ್‌ಗೆ ಕೈಯಿಂದ ಬೇಕಾದ 10.75 ಲಕ್ಷಕ್ಕಿಂತ ಇದು ದೊಡ್ಡದು, ಗಮನಿಸಿದಿರಾ? ನಿಮ್ಮ ಬೆಳವಣಿಗೆಯ ದುಡ್ಡು ಗ್ರಾಹಕರ ಖಾತೆಯಲ್ಲಿದೆ. ಸಣ್ಣ ಉದ್ಯಮಗಳಿಗಾಗಿ ಇರುವ ಎಂಎಸ್‌ಎಂಇಡಿ ಕಾಯ್ದೆ 2006ರ ಪ್ರಕಾರ ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನ, ಇದ್ದರೂ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ಪಿಒದಲ್ಲಿ (ಖರೀದಿ ಆದೇಶದಲ್ಲಿ) 90 ದಿನ ಎಂದು ಬರೆದಿದ್ದರೂ 45 ದಾಟಿದ ಮೇಲೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೂಡುತ್ತದೆ. ಇದಕ್ಕಿಂತ ಹರಿತವಾದದ್ದು 1961ರ ಆದಾಯ ತೆರಿಗೆ ಕಾಯ್ದೆಗೆ 2023ರಲ್ಲಿ 43ಬಿ(ಎಚ್) ಆಗಿ ಸೇರಿದ ನಿಯಮ. ಕಿರು ಮತ್ತು ಸಣ್ಣ ಉದ್ಯಮಕ್ಕೆ ಗಡುವಿನೊಳಗೆ ಕೊಡದ ಹಣವನ್ನು ಕೊಳ್ಳುವವರು ಆ ವರ್ಷದ ಖರ್ಚಿನಲ್ಲಿ ತೋರಿಸುವಂತಿಲ್ಲ, ಕೊಟ್ಟ ವರ್ಷವೇ ತೋರಿಸಬೇಕು. 2025ರ ಏಪ್ರಿಲ್‌ನಿಂದ ಹೂಡಿಕೆ 2.5 ಕೋಟಿ, ವಹಿವಾಟು 10 ಕೋಟಿಯವರೆಗೆ ಕಿರು ಉದ್ಯಮ, ಹಾಗಾಗಿ ನೀವು ಇದರೊಳಗೆ ಬರುತ್ತೀರಿ. ಆದರೆ ಗ್ರಾಹಕರ ಅಕೌಂಟ್ಸ್ ವಿಭಾಗಕ್ಕೆ ಅದು ತಿಳಿಯಬೇಕಲ್ಲ! ಉದ್ಯಮ್ ನೋಂದಣಿ ಸಂಖ್ಯೆ ಪ್ರತಿ ಇನ್‌ವಾಯ್ಸ್ ಮೇಲೂ ಅಚ್ಚಾಗಿರಲಿ, ಜನವರಿಯಲ್ಲೇ ಬಾಕಿಯ ಪಟ್ಟಿಯೊಂದಿಗೆ ಒಂದು ಮೇಲ್ ಹೋಗಲಿ. ಮಾರ್ಚ್ ಕೊನೆಯ ವಾರದಲ್ಲಿ ಎಚ್ಚರಿಸಿದರೆ ಬಜೆಟ್ ಮುಗಿದಿರುತ್ತದೆ.

ಬಾಕಿಯ ಬಗ್ಗೆ ಸರ್ಕಾರದ ಎಂಎಸ್‌ಎಂಇ ಪೋರ್ಟಲ್‌ನಲ್ಲಿ ದೂರು ಕೊಡುವ ಹಕ್ಕೂ ಇದೆ. ದೂರು ಕೊಟ್ಟ ಗ್ರಾಹಕರಿಂದ ಮುಂದಿನ ಆರ್ಡರ್ ಬರುವುದು ಅನುಮಾನ, ಆದ್ದರಿಂದ ಅದು ಸಂಬಂಧ ಮುರಿದೇ ಹೋಯಿತು ಎಂದಾಗಿನ ದಾರಿ. ಅದಕ್ಕೂ ಮೊದಲು ಟ್ರೆಡ್ಸ್ ನೋಡಿ, ಅಂದರೆ ಬಾಕಿ ಇನ್‌ವಾಯ್ಸ್ ಮೇಲೆ ಬ್ಯಾಂಕುಗಳಿಂದ ಹಣ ಪಡೆಯುವ ಆನ್‌ಲೈನ್ ವ್ಯವಸ್ಥೆ. 250 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳು 2025ರ ಮಾರ್ಚ್ 31ರೊಳಗೆ ಆರ್‌ಎಕ್ಸ್‌ಐಎಲ್, ಎಂ1ಎಕ್ಸ್‌ಚೇಂಜ್, ಇನ್‌ವಾಯ್ಸ್‌ಮಾರ್ಟ್‌ನಂಥ ವೇದಿಕೆಗೆ ಸೇರಬೇಕೆಂದು ಕೇಂದ್ರ ಆದೇಶಿಸಿದೆ. ನಿಮ್ಮ ಇನ್‌ವಾಯ್ಸ್ ಅಲ್ಲಿ ಏರಿ, ಗ್ರಾಹಕರು ಒಪ್ಪಿದರೆ ಬ್ಯಾಂಕುಗಳು ಅದರ ಮೇಲೆ ಬಿಡ್ ಹಾಕುತ್ತವೆ. ಡಿಸ್ಕೌಂಟ್ ಕಳೆದು ಹಣ ನಿಮ್ಮ ಖಾತೆಗೆ ಬರುತ್ತದೆ. ಆಮೇಲೆ ಗ್ರಾಹಕರು ಕೊಡದಿದ್ದರೂ ಬ್ಯಾಂಕು ನಿಮ್ಮ ಬೆನ್ನು ಬೀಳುವಂತಿಲ್ಲ. ತೊಡಕು ಇರುವುದು "ಗ್ರಾಹಕರು ಒಪ್ಪಿದರೆ" ಎಂಬಲ್ಲಿ. ಸೇರಿಯೂ ಒಂದೂ ಇನ್‌ವಾಯ್ಸ್ ಒಪ್ಪದೆ ಕೂರಲು ಅಡ್ಡಿಯಿಲ್ಲ. ಪರ್ಚೇಸ್‌ನವರನ್ನಲ್ಲ, ಫೈನಾನ್ಸ್‌ನವರನ್ನು ಕೇಳಿ.

ಸ್ವಂತ ಪ್ರಾಡಕ್ಟ್ ವಿಷಯ. ಉಳಿದ 125 ಗಂಟೆಯಲ್ಲಿ ಬಹುಪಾಲು ಡೆಲಿವರಿ ಸರಿಪಡಿಸಲು ಹೋಗಲಿ, 20 ಗಂಟೆಯನ್ನು ಮಾತ್ರ ಇದಕ್ಕೆಂದು ಕಟ್ಟಿಡಿ. ದುಡ್ಡು ವಹಿವಾಟಿನ ಶೇ 1.5, ಅಂದರೆ ವರ್ಷಕ್ಕೆ 2.1 ಲಕ್ಷ, ಅದಕ್ಕಿಂತ ಬೇಡ. ಅಡಿಕೆ ಸುಲಿಯುವ ಪೂರ್ತಿ ಯಂತ್ರಕ್ಕೆ ಕೈ ಹಾಕಬೇಡಿ ಎಂಬುದು ನಮ್ಮ ಸಲಹೆ. ಮಲೆನಾಡಿನಲ್ಲಿ ಅದನ್ನು ಮಾಡುವವರು ಈಗಾಗಲೇ ಇದ್ದಾರೆ. ಅದಕ್ಕಿಂತ ಹೆಚ್ಚಾಗಿ, ಯಂತ್ರ ಮಾರಿದವರು ಸೀಸನ್‌ನಲ್ಲಿ ರಿಪೇರಿಗೂ ಓಡಬೇಕು. ಕೊಯ್ದ ಹಸಿ ಅಡಿಕೆ ಮೆಕ್ಯಾನಿಕ್‌ಗಾಗಿ ಕಾಯುವುದಿಲ್ಲ. ನಿಮ್ಮ ಬಲ ಇರುವುದು ಟರ್ನಿಂಗ್, ಮಿಲ್ಲಿಂಗ್‌ನಲ್ಲಿ. ಆ ಯಂತ್ರಗಳಲ್ಲಿ ಸವೆಯುವ ಬ್ಲೇಡ್, ಶಾಫ್ಟ್, ಬುಶ್ ಮಾಡಿ.

ಬ್ಲೇಡ್ ಮೊಂಡಾದರೆ ಅಡಿಕೆಗೆ ಗಾಯವಾಗುತ್ತದೆ, ಗಾಯವಾದ ಅಡಿಕೆಗೆ ದರ ಇಳಿಯುತ್ತದೆ. ಹಾಗಾಗಿ ಬೆಳೆಗಾರರು ಒಳ್ಳೆಯ ಬ್ಲೇಡಿಗೆ ದುಡ್ಡು ಕೊಡುತ್ತಾರೆ. ಚೊಗರು ಕಬ್ಬಿಣಕ್ಕೆ ತಾಗಿದರೆ ಕಪ್ಪು ಬಣ್ಣ ಬಿಡುತ್ತದೆಂಬುದು ಅಡಿಕೆ ಬೇಯಿಸಿದವರಿಗೆಲ್ಲ ಗೊತ್ತು. ಸಾದಾ ಎಂಎಸ್ (ಮೈಲ್ಡ್ ಸ್ಟೀಲ್) ಹಾಕಿದರೆ ಅಲ್ಲೇ ಸೋಲು. ಸ್ಟೇನ್‌ಲೆಸ್‌ನಲ್ಲಿ 304 ತುಕ್ಕಿಗೆ ಚೆನ್ನ, ಆದರೆ ಹೀಟ್ ಟ್ರೀಟ್‌ಮೆಂಟಿನಿಂದ ಗಡಸಾಗುವುದಿಲ್ಲ, ಅಲಗು ನಿಲ್ಲುವುದಿಲ್ಲ. 420 ಗಡಸಾಗುತ್ತದೆ, ತುಕ್ಕು ತಡೆಯುವುದರಲ್ಲಿ 304ಕ್ಕಿಂತ ಹಿಂದೆ. ಈ ಎರಡರ ನಡುವೆ ಸರಿಯಾದ ಜಾಗ ಹುಡುಕುವುದೇ ನಿಮ್ಮ ಸೆಮಿನಾರ್‌ನವರು ಹೇಳಿದ ಇನ್ನೋವೇಶನ್. ರಿಪೇರಿ ಅಂಗಡಿಗಳಿಂದ ಸವೆದ ಬ್ಲೇಡ್ ಹತ್ತು ತನ್ನಿ. ಎಲ್ಲಿ ಸವೆದಿದೆ, ಎಲ್ಲಿ ಚಕ್ಕೆ ಎದ್ದಿದೆ ನೋಡಿ. ಚಕ್ಕೆ ಎದ್ದಿದ್ದರೆ ಗಡಸು ಜಾಸ್ತಿ, ಅಲಗು ಮಡಚಿದ್ದರೆ ಕಡಿಮೆ. ಎರಡು ಬೇರೆ ಗಡಸಿನಲ್ಲಿ ಹತ್ತು ಹತ್ತು ಸೆಟ್ ಮಾಡಿ, ಗುರುತು ಹಾಕಿ, ಬೇರೆ ಬೇರೆ ಊರಿನ ಐದು ಯಂತ್ರದವರಿಗೆ ಕೊಟ್ಟು, ಮೊಂಡಾಗುವವರೆಗೆ ಎಷ್ಟು ಕ್ವಿಂಟಲ್ ಸುಲಿಯಿತು ಎಂದು ಬರೆಸಿ. ಅಕ್ಟೋಬರ್‌ನಲ್ಲಿ ಬ್ಲೇಡ್ ಕೈಯಲ್ಲಿರಬೇಕಾದರೆ ಸ್ಟೀಲ್ ಜುಲೈನಲ್ಲೇ ಬಂದಿರಬೇಕು. ಸೀಸನ್ ತಪ್ಪಿತೋ, ಪರೀಕ್ಷೆಗೆ ಮತ್ತೊಂದು ವರ್ಷ ಕಾಯಬೇಕು.

ಹೊಸ ವಿನ್ಯಾಸವೇ ಹೊಳೆದರೆ ಕೃಷಿ ಮೇಳದಲ್ಲಿ ತೋರಿಸುವ ಮೊದಲು, ಪರೀಕ್ಷೆಗೆ ಕೊಡುವ ಮೊದಲೇ, ಪ್ರಾವಿಷನಲ್ ಪೇಟೆಂಟ್ ಅರ್ಜಿ ಹಾಕಿ. ಸಣ್ಣ ಉದ್ಯಮಕ್ಕೆ ಆನ್‌ಲೈನ್ ಅರ್ಜಿ ಶುಲ್ಕ 1,600 ರೂಪಾಯಿ, ಪೂರ್ಣ ವಿವರ ಸಲ್ಲಿಸಲು 12 ತಿಂಗಳು ಸಮಯ. ಬೇರೆಯವರ ಬ್ಲೇಡಿಗೆ ಪೇಟೆಂಟ್ ಅಥವಾ ಡಿಸೈನ್ ನೋಂದಣಿ ಇದೆಯೇ ಎಂದೂ ಮೊದಲೇ ಹುಡುಕಿಸಿ.

ಸೆಟ್ಟಿಂಗ್ ಇಳಿದು, ಬಾಕಿ ಬಂದು, ಆಮೇಲೂ ಆರ್ಡರ್ ವಾಪಸ್ ಕಳಿಸುವ ಸ್ಥಿತಿ ಇದ್ದರೆ ಮಷಿನ್ ಧಾರಾಳವಾಗಿ ತನ್ನಿ. ಆಸ್ತಿ ಅಡವಿಡದ ಸಾಲಕ್ಕೆ ಸಿಜಿಟಿಎಂಎಸ್‌ಇ ಗ್ಯಾರಂಟಿ ಇದೆ, 2025ರ ಏಪ್ರಿಲ್‌ನಿಂದ ಅದರ ಮಿತಿ 10 ಕೋಟಿ. ಗ್ಯಾರಂಟಿ ಇರುವುದು ಬ್ಯಾಂಕಿಗೆ, ನಿಮಗಲ್ಲ. ಸಾಲ ನೀವು ತೀರಿಸಲೇಬೇಕು, ಅದರ ವಾರ್ಷಿಕ ಶುಲ್ಕವನ್ನೂ ಬ್ಯಾಂಕುಗಳು ಸಾಮಾನ್ಯವಾಗಿ ನಿಮ್ಮಿಂದಲೇ ವಸೂಲಿ ಮಾಡುತ್ತವೆ.

ಇಆರ್‌ಪಿ ಈಗ ಬೇಡ. ನಿಂತ ಕಾರಣದ ಹಾಳೆಯನ್ನೇ ತುಂಬದ ಶಾಪ್‌ನಲ್ಲಿ ಸಾಫ್ಟ್‌ವೇರ್ ತುಂಬುವವರು ಯಾರು? ಆ ದುಡ್ಡಿಗೆ ಮೂರು ಟ್ರಾಲಿ, ಪದೇ ಪದೇ ಬರುವ ಇಪ್ಪತ್ತು ಜಾಬ್‌ಗಳಿಗೆ ಸಾಫ್ಟ್ ಜಾ ಸೆಟ್, ಪ್ಲಗ್ ಗೇಜ್ ಕೊಳ್ಳಿ.