ಓದಲು ಎಬ್ಬಿಸಿದರೆ ನಡುಗುವ ಹುಡುಗಿಯನ್ನು ಕೇಳದೆ ಬಿಟ್ಟುಬಿಡಲಾ?

ನೀವು ಪಾಠ ಮಾಡುವ ಒಂಬತ್ತನೇ ಕ್ಲಾಸಿನ ಹುಡುಗಿ, ಬರೆಯೋದರಲ್ಲಿ ಜಾಣೆ, ಎದ್ದು ನಿಂತು ಪಾಠ ಓದು ಅಂದರೆ ಮಾತ್ರ ಕೈ ನಡುಗಿ ಕಣ್ಣಲ್ಲಿ ನೀರು ಬರುತ್ತದೆ. ಅವಳನ್ನು ಕೇಳದೆ ಬಿಡಲಾ, ಬಲವಂತ ಮಾಡಲಾ ಅಂತ ಕೇಳಿದ್ದೀರಿ. ಎರಡೂ ಬೇಡ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಇಂಥದ್ದೇ ಒಬ್ಬ ಹುಡುಗನಿಗೆ, ಪಾಪ ಅಂತ, ಬೋರ್ಡ್ ಲೆಕ್ಕ, ಬಾಯಿ ಪ್ರಶ್ನೆ ಎಲ್ಲಾ ಮಾಫಿ ಮಾಡಿದ್ದೆ. ಒಂದು ತಿಂಗಳು ಹಾಯಾಗಿದ್ದ. ಆಮೇಲೆ ಟೆಸ್ಟ್ ದಿನ ಹೊಟ್ಟೆನೋವು, ಆಮೇಲೆ ಪ್ರತಿ ಸೋಮವಾರ ಹೊಟ್ಟೆನೋವು, ದಸರಾ ರಜೆ ಮುಗಿದ ಮೇಲೆ ಬರುವುದೇ ನಿಂತುಹೋಯಿತು. ಆ ನೋವು ನಾಟಕ ಅಲ್ಲ, ಗಾಬರಿಯಾದಾಗ ಹೊಟ್ಟೆ ನಿಜವಾಗಿಯೂ ಕಿವುಚುತ್ತದೆ. ಆದರೆ ತಪ್ಪಿಸಿಕೊಂಡಾಗ ಸಿಗುವ ನೆಮ್ಮದಿ ಇದೆಯಲ್ಲ, ಭಯ ಬೆಳೆಯೋದು ಅದನ್ನು ತಿಂದೇ. ಓಡಿ ಬಂದಿದ್ದಕ್ಕೆ ಬಚಾವಾದೆ ಅಂತ ಮನಸ್ಸು ನಂಬಿಬಿಡುತ್ತದೆ.

ಮೊದಲು ಅವಳ ಹತ್ತಿರ ಒಂಟಿಯಾಗಿ ಮಾತಾಡಿ. ಸ್ಟಾಫ್ ರೂಮಿಗೆ ಕರೆಸಬೇಡಿ, ಅಲ್ಲಿ ಎಲ್ಲರ ಕಿವಿಯೂ ಇತ್ತಲೇ ಇರುತ್ತದೆ. ಯಾವುದು ಜಾಸ್ತಿ ಕಷ್ಟ ಅಂತ ಕೇಳಿ. ನಾನು ಕಂಡಂತೆ ಎಷ್ಟೋ ಮಕ್ಕಳಿಗೆ ಓದೋದಕ್ಕಿಂತ ಕಾಯೋದೇ ಹಿಂಸೆ. ನಾವು ರೋಲ್ ನಂಬರ್ ಪ್ರಕಾರ ಓದಿಸುತ್ತಾ ಬಂದರೆ, 23ನೇ ನಂಬರಿನ ಮಗುವಿಗೆ 15ರಿಂದಲೇ ಎದೆ ಡವಡವ, ಅಷ್ಟು ಹೊತ್ತಿನ ಪಾಠ ತಲೆಗೇ ಹೋಗಿರುವುದಿಲ್ಲ. ಹಾಗಾಗಿ ಹಿಂದಿನ ದಿನವೇ ಹೇಳಿಬಿಡಿ: ನಾಳೆ ಎರಡನೇ ಪ್ಯಾರಾದ ಮೊದಲ ಎರಡು ಸಾಲು ನಿನ್ನದು, ಕೂತೇ ಓದು, ಪಕ್ಕದವಳ ಜೊತೆ ಸೇರಿ ಓದಿದರೂ ಸರಿ. ಅದು ಸಲೀಸಾದ ಮೇಲೆ ಒಬ್ಬಳೇ, ಆಮೇಲೆ ನಾಲ್ಕು ಸಾಲು, ನಿಲ್ಲೋದು ಕೊನೆಗೆ. ವಾರಗಟ್ಟಲೆ ಹಿಡಿಯಲಿ ಬಿಡಿ. (ನಿಂತೇ ಓದಬೇಕು ಅಂತ ಯಾರು ರೂಲ್ಸ್ ಮಾಡಿದರೋ!) ಓದಿ ಮುಗಿಸಿದಾಗ ಕ್ಲಾಸಿನಿಂದ ಚಪ್ಪಾಳೆ ಹೊಡೆಸಬೇಡಿ, ಎಲ್ಲರೂ ತಿರುಗಿ ನೋಡೋದೇ ಅವಳಿಗೆ ಭಯ ಅಲ್ವಾ. ಯಾರಾದರೂ ನಕ್ಕರೆ ಮಾತ್ರ ಆ ನಗುವನ್ನು ಅಲ್ಲೇ ನಿಲ್ಲಿಸಿ.

ನಡುಕ ಶುರುವಾದಾಗ "ಭಯಪಡಬೇಡ" ಅಂದರೆ ಏನೂ ಆಗುವುದಿಲ್ಲ. ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ನಿಧಾನ ಹೊರಗೆ. ಉಸಿರು ಬಿಡೋದು ಉದ್ದವಾದರೆ ಎದೆಬಡಿತ ತಗ್ಗುತ್ತದೆ. ಇದನ್ನು ಆರಾಮಾಗಿದ್ದಾಗಲೇ ಕಲಿಸಿಡಿ, ಗಾಬರಿಯಲ್ಲಿ ಕಲಿಸಿದರೆ ಕೇಳಿಸೋದಿಲ್ಲ. ನೀರು ಕುಡಿದು ಬರಲಿ, ಐದು ನಿಮಿಷಕ್ಕೆ ವಾಪಸ್ ಕ್ಲಾಸಿಗೇ ಬರಬೇಕು, ಮನೆಗಲ್ಲ.

ಇನ್ನೊಂದು, ಜೂನ್‌ನಿಂದಲೇ "ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ನಿಮ್ಮ ಜೀವನವೇ ಅದು" ಅಂತ ಹೆದರಿಸುವವರು ನಾವೇ. 2024ರಿಂದ ಅದಕ್ಕೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ, ಜಾಸ್ತಿ ಬಂದ ಅಂಕ ಉಳಿಯುತ್ತದೆ. ಇದನ್ನೂ ಅಷ್ಟೇ ಜೋರಾಗಿ ಹೇಳಬಹುದಲ್ಲ.

ನಿದ್ದೆ, ಊಟ ಬಿಟ್ಟರೆ, ಶಾಲೆಗೆ ಬರೋದೇ ತಪ್ಪಿದರೆ, ಸಾಯೋ ಮಾತಾಡಿದರೆ ಅದು ನಮ್ಮ ಕೈ ಮೀರಿದ್ದು. ಆಗ ಕಾಯಬೇಡಿ. ಅಪ್ಪ ಅಮ್ಮನನ್ನು ಕರೆಸಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಕೊಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. "ನಮ್ಮ ಹುಡುಗಿಗೆ ಹುಚ್ಚು ಅಂತೀರಾ" ಅಂತ ಅಪ್ಪ ಅಮ್ಮ ರೇಗಬಹುದು, ನನಗೂ ಬೈದಿದ್ದಾರೆ. ಸುಮ್ನೆ ಕೇಳಿಸಿಕೊಂಡು, ನಂಬರ್ ಚೀಟಿಯಲ್ಲಿ ಬರೆದು ಕೈಗೆ ಕೊಡಿ.