ಮ್ಯಾನ್ಮಾರ್‌ನಲ್ಲಿ ಸೇನೆ ಅಧಿಕಾರ ಹಿಡಿದ ಮೇಲೆ ಜನರಿಗೆ ಬ್ಯಾಂಕಿನಲ್ಲಿಟ್ಟ ತಮ್ಮದೇ ದುಡ್ಡು ಯಾಕೆ ಸಿಗಲಿಲ್ಲ?

ದುಡ್ಡನ್ನು ಯಾರೂ ಮುಟ್ಟುಗೋಲು ಹಾಕಿಕೊಂಡಿರಲಿಲ್ಲ. ಖಾತೆಯಲ್ಲಿ ಮೊತ್ತ ಕಾಣುತ್ತಿತ್ತು, ಆದರೆ ನೋಟು ಕೈಗೆ ಬರುತ್ತಿರಲಿಲ್ಲ.

2021ರ ಫೆಬ್ರವರಿ 1ರಂದು ಸೇನೆ ಅಧಿಕಾರ ಹಿಡಿಯಿತು. ಅದನ್ನು ವಿರೋಧಿಸಿ ಡಾಕ್ಟರು, ಮೇಷ್ಟ್ರುಗಳ ಜೊತೆ ಬ್ಯಾಂಕ್ ನೌಕರರೂ ಕೆಲಸ ಬಿಟ್ಟರು. ಎಷ್ಟೋ ಶಾಖೆಗಳು ಬಾಗಿಲು ಹಾಕಿದವು. ಗಾಬರಿಯಾದ ಜನ ಒಟ್ಟಿಗೇ ದುಡ್ಡು ತೆಗೆಯಲು ಹೊರಟರು. ಎಲ್ಲರೂ ಒಟ್ಟಿಗೇ ಕೇಳಿದರೆ ಯಾವ ದೇಶದ ಬ್ಯಾಂಕಿಗೂ ತಡೆದುಕೊಳ್ಳೋಕೆ ಆಗಲ್ಲ, ಅಲ್ವಾ? ಕೇಂದ್ರ ಬ್ಯಾಂಕು ತೆಗೆಯುವ ಹಣಕ್ಕೆ ಮಿತಿ ಹಾಕಿತು. ನೋಟು ಮುದ್ರಣಕ್ಕೆ ಬೇಕಾದ ಸಾಮಗ್ರಿ ಕೊಡುತ್ತಿದ್ದ ಜರ್ಮನ್ ಕಂಪನಿಯೂ ಆ ಮಾರ್ಚ್‌ನಲ್ಲಿ ಪೂರೈಕೆ ನಿಲ್ಲಿಸಿತು.

ಯಾಂಗೂನ್‌ನಲ್ಲಿ ಜನ ಬೆಳಕು ಹರಿಯುವ ಮೊದಲೇ ಎಟಿಎಂ ಮುಂದೆ ಸಾಲು ನಿಲ್ಲುತ್ತಿದ್ದರು. ಕೆಲವು ಬ್ಯಾಂಕುಗಳು ಟೋಕನ್ ಕೊಡುತ್ತಿದ್ದವು. ಅದೂ ಸಿಗದವರು ದಲ್ಲಾಳಿ ಹತ್ತಿರ ಹೋಗಬೇಕಿತ್ತು. ಮೊಬೈಲ್‌ನಲ್ಲಿ ಅವನಿಗೆ ಹಣ ಕಳಿಸಿದರೆ, ಕಮಿಷನ್ ಮುರಿದುಕೊಂಡು ಉಳಿದ ನೋಟು ಎಣಿಸಿ ಕೊಡುತ್ತಿದ್ದ. ಔಷಧಿಗೆ ತುರ್ತಾಗಿ ದುಡ್ಡು ಬೇಕಾದವರು ಕೇಳಿದಷ್ಟು ಬಿಟ್ಟುಕೊಡಲೇಬೇಕಿತ್ತು. ನನಗೆ ಜಾಸ್ತಿ ಸಂಕಟವಾಗುವುದು ಇದಕ್ಕೇ.

ಆ ಗಾಬರಿ ಸುಮ್ನೆ ಹುಟ್ಟಿದ್ದಲ್ಲ. 1987ರ ಸೆಪ್ಟೆಂಬರ್‌ನಲ್ಲಿ ಸರ್ವಾಧಿಕಾರಿ ನೆ ವಿನ್‌ನ ಆಡಳಿತ 25, 35 ಮತ್ತು 75 ಕ್ಯಾಟ್ (ಅಲ್ಲಿನ ಹಣ) ನೋಟುಗಳನ್ನು ಒಮ್ಮೆಲೇ ರದ್ದು ಮಾಡಿತ್ತು. ಬದಲಿ ನೋಟನ್ನೂ ಕೊಡಲಿಲ್ಲ. ಮನೆಯಲ್ಲಿ ಕೂಡಿಟ್ಟದ್ದೆಲ್ಲ ಬರೀ ಕಾಗದವಾಯಿತು. ಹಾಗಾಗಿ ಅಲ್ಲಿ ಕೈಲಾದವರು ಉಳಿತಾಯವನ್ನು ಚಿನ್ನ ಅಥವಾ ಡಾಲರ್‌ಗೆ ಬದಲಾಯಿಸಿ ಇಡುತ್ತಾರೆ.