ಆರೋಗ್ಯ ಪ್ರಶ್ನೋತ್ತರ: ಶಾಲೆಯಿಂದ ಬಂದ ತೂಕದ ಚೀಟಿ

ಪ್ರಶ್ನೆ: ಮಾನ್ಯ ವೈದ್ಯರೇ, ನನ್ನ ಮಗನಿಗೆ 13 ವರ್ಷ, ಎಂಟನೆಯ ತರಗತಿ. ಕಳೆದ ತಿಂಗಳು ಶಾಲೆಯ ಆರೋಗ್ಯ ತಪಾಸಣೆಯಲ್ಲಿ ಎತ್ತರ 152 ಸೆಂ.ಮೀ., ತೂಕ 54 ಕಿಲೋ, ‘ಅಧಿಕ ತೂಕ’ ಎಂದು ಚೀಟಿ ಬರೆದುಕೊಟ್ಟರು. ಅದನ್ನು ತರಗತಿಯಲ್ಲೇ ಗಟ್ಟಿಯಾಗಿ ಓದಿದ್ದರಿಂದ ಅವನು ಪಿ.ಟಿ. ಅವಧಿಗೆ ಹೋಗುವುದನ್ನೇ ಬಿಟ್ಟಿದ್ದಾನೆ. ಕತ್ತಿನ ಹಿಂಭಾಗ ಕಪ್ಪಾಗಿದೆ, ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಯಜಮಾನರಿಗೆ ಮುಂಬಯಿಯ ಫೋರ್ಟ್ ಕಡೆ ಹೋಟೆಲಿನಲ್ಲಿ ಕೆಲಸ. ಅವರು ರಾತ್ರಿ ಹನ್ನೊಂದಕ್ಕೆ ಬಂದಾಗ ಮಗ ಅವರೊಡನೆ ಮತ್ತೊಮ್ಮೆ ಊಟಕ್ಕೆ ಕೂರುತ್ತಾನೆ. ‘ಎತ್ತರ ಬಂದರೆ ಸರಿಹೋಗುತ್ತದೆ’ ಎಂದು ಊರಿನಿಂದ ಅತ್ತೆಯವರು ಹೇಳುತ್ತಾರೆ, ತೂಕ ಇಳಿಸುವ ಪುಡಿ ಕೊಡಿ ಎಂದು ನೆರೆಮನೆಯವರು ಹೇಳುತ್ತಾರೆ. ಶಾಲೆಯಿಂದ ನಾನು ಏನು ಸಹಾಯ ಕೇಳಬಹುದು?
– ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಮೊದಲು ಆ ಕತ್ತಿನ ಕಪ್ಪಿನ ವಿಷಯ. ಅದು ಕೊಳೆಯಲ್ಲ, ದಯವಿಟ್ಟು ಉಜ್ಜುವುದನ್ನು ಇಂದೇ ನಿಲ್ಲಿಸಿ. ಕಡಲೆಹಿಟ್ಟು, ನಿಂಬೆಸಿಪ್ಪೆಗಳಿಂದ ಚರ್ಮ ಕೆಂಪೇಳುವವರೆಗೆ ತಿಕ್ಕಿಸಿಕೊಂಡು ಬರುವ ಮಕ್ಕಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಮೈಯಲ್ಲಿ ಕೊಬ್ಬು ಹೆಚ್ಚಿದಾಗ ಇನ್ಸುಲಿನ್ನಿನ ಪರಿಣಾಮ ತಗ್ಗುತ್ತದೆ, ಅದನ್ನು ಸರಿದೂಗಿಸಲು ದೇಹವು ಇನ್ನಷ್ಟು ಇನ್ಸುಲಿನ್ ಸ್ರವಿಸುತ್ತದೆ, ಈ ಹೆಚ್ಚಳದಿಂದಾಗಿ ಕತ್ತಿನಲ್ಲಿಯೂ ಕಂಕುಳಲ್ಲಿಯೂ ಚರ್ಮ ದಪ್ಪಗಾಗಿ ಕಪ್ಪಾಗುತ್ತದೆ. ಹಾಗೆಂದರೆ ಮಗನಿಗೆ ಸಕ್ಕರೆ ಕಾಯಿಲೆ ಬಂದಿದೆ ಎಂದಲ್ಲ. ಮುಂದೆ ಬರಬಹುದೆಂಬ ಸೂಚನೆಯನ್ನು ದೇಹ ಈಗಲೇ ಕೊಟ್ಟಿದೆ. ಆದ್ದರಿಂದ ಎರಡು ವಾರದೊಳಗೆ ಮಕ್ಕಳ ತಜ್ಞರಿಗೆ ತೋರಿಸಿ, ರಕ್ತದೊತ್ತಡ, ಖಾಲಿ ಹೊಟ್ಟೆಯ ಸಕ್ಕರೆ, ಕೊಲೆಸ್ಟರಾಲ್ ಮತ್ತು ಯಕೃತ್ತಿನ ಪರೀಕ್ಷೆಗಳ ಬಗ್ಗೆ ಕೇಳಿ. ಥೈರಾಯ್ಡ್ ಇರಬಹುದೇ ಎಂದು ಅನೇಕರು ಹೆದರುತ್ತಾರೆ. ಥೈರಾಯ್ಡ್ ಕೊರತೆಯಿರುವ ಮಕ್ಕಳಲ್ಲಿ ಸಾಮಾನ್ಯವಾಗಿ ಎತ್ತರದ ಬೆಳವಣಿಗೆಯೂ ಕುಂಠಿತವಾಗುತ್ತದೆ. ನಿಮ್ಮ ಮಗನ ಎತ್ತರ ವಯಸ್ಸಿಗೆ ತಕ್ಕಂತೆಯೇ ಇದೆ.

ಇನ್ನು ಅತ್ತೆಯವರ ಮಾತು. ಅದರಲ್ಲಿ ಅರ್ಧ ಸತ್ಯವಿದೆ. ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ (ಎತ್ತರ × ಎತ್ತರ) ಭಾಗಿಸಿದರೆ ಬರುವ ಅಂಕಿ, ಅಂದರೆ ಬಿ.ಎಂ.ಐ., ಈಗ 23.4. ಮಕ್ಕಳಿಗೆ ವಯಸ್ಸಿನೊಂದಿಗೆ ಏರುವ ಪ್ರತ್ಯೇಕ ಗೆರೆಯುಳ್ಳ ನಕ್ಷೆಯನ್ನು ಭಾರತೀಯ ಮಕ್ಕಳ ತಜ್ಞರ ಸಂಘವು 2015ರಲ್ಲಿ ಪರಿಷ್ಕರಿಸಿದೆ. ಅದರ ಪ್ರಕಾರ ನಿಮ್ಮ ಮಗ ಅಧಿಕ ತೂಕದ ಗೆರೆಯನ್ನು ದಾಟಿದ್ದಾನೆ. ಆದರೆ ಅವನು ಬೆಳೆಯುವ ವಯಸ್ಸಿನಲ್ಲಿದ್ದಾನೆ. ತೂಕ 54 ಕಿಲೋದಲ್ಲೇ ನಿಂತು ಎತ್ತರ 160 ಸೆಂ.ಮೀ. ಮುಟ್ಟಿದರೆ ಅದೇ ಲೆಕ್ಕ 21.1ಕ್ಕೆ ಇಳಿಯುತ್ತದೆ. ಅಂದರೆ ಉಪವಾಸವಾಗಲಿ ಪುಡಿಯಾಗಲಿ ಅವನಿಗೆ ಬೇಡ. ಎತ್ತರ ಏರುವವರೆಗೆ ತೂಕ ಏರದಂತೆ ನೋಡಿಕೊಳ್ಳುವುದೇ ಸದ್ಯದ ಕೆಲಸ. ಸುಮ್ಮನೆ ಕಾದು ಕುಳಿತರೆ ಎತ್ತರದೊಡನೆ ತೂಕವೂ ಏರುತ್ತದೆ. (ಋತುಮತಿಯಾಗಿ ಒಂದೆರಡು ವರ್ಷವಾದ ಹೆಣ್ಣುಮಕ್ಕಳಲ್ಲಿ ಎತ್ತರ ಬರುವುದು ಹೆಚ್ಚು ಉಳಿದಿರುವುದಿಲ್ಲ, ಅವರ ತಾಯಂದಿರು ಈ ಲೆಕ್ಕವನ್ನು ತಮ್ಮ ಮಗಳಿಗೆ ಅನ್ವಯಿಸದೆ ವೈದ್ಯರನ್ನು ಕೇಳಬೇಕು.)

ಈಗ ಶಾಲೆಯ ವಿಷಯ. ತಪಾಸಣೆ ಮಾಡಿದ್ದು ಸರಿ, ತರಗತಿಯಲ್ಲಿ ಓದಿದ್ದು ಖಂಡಿತ ತಪ್ಪು. ಶಾಲೆಗಳಲ್ಲಿ ತೂಕ ನೋಡುವಾಗ ನಾನು ಕಂಡ ದೃಶ್ಯವೊಂದಿದೆ: ದಪ್ಪಗಿರುವ ಹುಡುಗರು ಯಂತ್ರ ಹತ್ತುವ ಮುಂಚೆ ಬೆಲ್ಟು ಬಿಚ್ಚಿ, ಜೇಬಿನ ಚಿಲ್ಲರೆ ತೆಗೆದು ಗೆಳೆಯನ ಕೈಗೆ ಕೊಟ್ಟು, ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಆ ಮಗುವಿನ ಅಂಕಿಯನ್ನು ಊರಿಗೆಲ್ಲ ಸಾರಿದ ಮೇಲೆ ಅದು ಮೈದಾನಕ್ಕೆ ಹೇಗೆ ಇಳಿದೀತು? ಆದ್ದರಿಂದ ಮುಖ್ಯೋಪಾಧ್ಯಾಯರನ್ನು ಕಂಡು, ಜಗಳಕ್ಕೆ ಹೋಗದೆ, ಮುಂದೆ ಪ್ರತ್ಯೇಕ ಕೋಣೆಯಲ್ಲಿ ತೂಕ ನೋಡಬೇಕೆಂದೂ ಚೀಟಿಯನ್ನು ಲಕೋಟೆಯಲ್ಲಿ ಪೋಷಕರಿಗೇ ತಲುಪಿಸಬೇಕೆಂದೂ ಮೂರು ತಿಂಗಳಿಗೊಮ್ಮೆ ಎತ್ತರ-ತೂಕ ಎರಡನ್ನೂ ಬರೆದುಕೊಡಬೇಕೆಂದೂ ಕೇಳಿ. 2020ರಲ್ಲಿ ಆರಂಭವಾದ ಆಯುಷ್ಮಾನ್ ಭಾರತದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಸರಕಾರಿ ಶಾಲೆಯ ಇಬ್ಬರು ಶಿಕ್ಷಕರಿಗೆ ಮಕ್ಕಳ ಆರೋಗ್ಯದ ಬಗ್ಗೆ ತರಬೇತಿ ಕೊಡುವ ವ್ಯವಸ್ಥೆಯಿದೆ, ನಿಮ್ಮ ಶಾಲೆಯಲ್ಲಿ ಅಂಥವರಿದ್ದರೆ ಅವರನ್ನೂ ಕಾಣಿ. ಸರಕಾರಿ ಅಥವಾ ಅನುದಾನಿತ ಶಾಲೆಯಾದರೆ, 2013ರಲ್ಲಿ ನಮ್ಮ ಪಕ್ಕದ ಪಾಲಘರ್‌ನಲ್ಲೇ ಉದ್ಘಾಟನೆಯಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದಾಗ ಮಗನ ಕತ್ತನ್ನು ತೋರಿಸಲು ಹೇಳಿ. 18 ವರ್ಷದವರೆಗಿನ ಮಕ್ಕಳನ್ನು ಮುಂದಿನ ಆಸ್ಪತ್ರೆಗೆ ಕಳುಹಿಸಿ ಉಚಿತ ಚಿಕಿತ್ಸೆ ಕೊಡಿಸುವುದು ಅವರ ಕೆಲಸ. ಶಾಲೆಯ ಕ್ಯಾಂಟೀನಿನಲ್ಲಿ ಚಿಪ್ಸ್, ತಂಪು ಪಾನೀಯ ಸಿಗುತ್ತಿದ್ದರೆ ಅದನ್ನೂ ಪ್ರಶ್ನಿಸಿ. ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಿರುವ ತಿನಿಸುಗಳನ್ನು ಶಾಲೆಯೊಳಗೂ ಗೇಟಿನಿಂದ 50 ಮೀಟರ್ ಒಳಗೂ ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ.

ಮನೆಯಲ್ಲಿ ನನ್ನ ಗಮನ ನಿಂತದ್ದು ಆ ಹನ್ನೊಂದು ಗಂಟೆಯ ಊಟದ ಮೇಲೆ. ಅದು ಹಸಿವಿನ ಊಟವಲ್ಲ. ದಿನದಲ್ಲಿ ಅಪ್ಪನ ಮುಖ ನೋಡಲು ಅವನಿಗೆ ಸಿಗುವ ಹೊತ್ತು. ಅದನ್ನು ಕಸಿದುಕೊಂಡರೆ ಅವನು ಇನ್ನಷ್ಟು ಕುಗ್ಗುತ್ತಾನೆ. ಆದರೆ ಈ ವಯಸ್ಸಿಗೆ 8ರಿಂದ 10 ಗಂಟೆಯ ನಿದ್ದೆ ಬೇಕು, ನಿದ್ದೆ ಕಡಿಮೆಯಾದಷ್ಟೂ ಹಸಿವು ಹೆಚ್ಚುತ್ತದೆ. ಆದ್ದರಿಂದ ಆ ರಾತ್ರಿಯ ಊಟದ ಬದಲು ಯಜಮಾನರು ಹತ್ತು ನಿಮಿಷ ಮುಂಚೆ ಎದ್ದು ಮಗನೊಡನೆ ಬೆಳಗಿನ ತಿಂಡಿಗೆ ಕೂರಲಿ, ರಜೆಯ ದಿನ ಇಬ್ಬರೂ ಕೂಡಿ ಮಾರುಕಟ್ಟೆಗೆ ನಡೆದು ಹೋಗಿ ಮೀನು, ತರಕಾರಿ ತರಲಿ. ಮಗನಿಗೆ ಬೇರೆ ತಟ್ಟೆ, ಬೇರೆ ಅಡುಗೆ ಮಾಡಬೇಡಿ. ಎಲ್ಲರ ತಟ್ಟೆಯಲ್ಲೂ ಅನ್ನ ಒಂದು ಸೌಟು ಕಡಿಮೆಯಾಗಿ ಪಲ್ಯ, ಹೆಸರುಕಾಳು ಹೆಚ್ಚಲಿ. ಶಾಲೆ ಮುಗಿಸಿ ಟ್ಯೂಷನ್ ಕ್ಲಾಸಿಗೆ ಹೋಗುವ ನಡುವೆ ವಡಾಪಾವ್ ತಿನ್ನುತ್ತಾನಾದರೆ ಪೂರ್ತಿ ನಿಷೇಧಿಸದೆ ವಾರಕ್ಕೊಮ್ಮೆ ಎಂದು ಒಪ್ಪಿಸಿ, ಉಳಿದ ದಿನ ಬೇಯಿಸಿದ ಶೇಂಗಾ, ಬಾಳೆಹಣ್ಣು ಡಬ್ಬಿಯಲ್ಲಿಡಿ. ತಂಪು ಪಾನೀಯವನ್ನು ಮಾತ್ರ ಮನೆಗೆ ತರಲೇಬೇಡಿ, 300 ಮಿ.ಲೀ. ಬಾಟಲಿಯಲ್ಲಿ ಸುಮಾರು 30 ಗ್ರಾಂ ಸಕ್ಕರೆಯಿರುತ್ತದೆ.

ಪ್ರಶ್ನೆ: ಮುಂಬಯಿಯ ಕನ್ನಡ ಶಾಲೆಯೊಂದರಲ್ಲಿ ಆರೋಗ್ಯದ ಹೊಣೆ ನನ್ನದು. ದಪ್ಪಗಿರುವ ಮಕ್ಕಳನ್ನು ಪ್ರತ್ಯೇಕಿಸಿ ಮೈದಾನದಲ್ಲಿ ಹೆಚ್ಚು ಸುತ್ತು ಓಡಿಸಬಹುದೇ?
– ಶಿಕ್ಷಕಿ, ಮುಂಬಯಿ

ಉತ್ತರ: ಬೇಡ, ಮೇಡಂ. ಅದು ಅವರಿಗೆ ಶಿಕ್ಷೆಯಂತೆ ತೋರುತ್ತದೆ, ಮಂಡಿಗೂ ಪೆಟ್ಟು. ದಿನಕ್ಕೆ 60 ನಿಮಿಷದ ಚಟುವಟಿಕೆ ಎಲ್ಲ ಮಕ್ಕಳಿಗೂ ಬೇಕು. ಖೊಖೊ ಆಟವನ್ನು ಒಮ್ಮೆ ಗಮನಿಸಿ: ಭಾರದ ಹುಡುಗ ಮೊದಲು ಔಟಾಗುತ್ತಾನೆ, ಓಡಾಟ ಯಾರಿಗೆ ಹೆಚ್ಚು ಬೇಕೋ ಅವನೇ ಅವಧಿಯ ಉಳಿದ ಹೊತ್ತೆಲ್ಲ ಗೋಡೆಗೊರಗಿ ಕೂರುತ್ತಾನೆ. ಔಟಾದವರು ಹತ್ತು ಸಲ ಹಗ್ಗ ಜಿಗಿದು ಮತ್ತೆ ಆಟಕ್ಕೆ ಸೇರಬಹುದೆಂದು ನಿಯಮ ಬದಲಿಸಿ. ತೂಕ ನೋಡಿದ ನಂತರದ ವಾರಗಳಲ್ಲಿ ಊಟದ ಬಿಡುವಿನ ಕಡೆಗೂ ಕಣ್ಣಿರಲಿ. ಯಾವುದಾದರೂ ಮಗುವಿನ, ಅದರಲ್ಲೂ ಹೆಣ್ಣುಮಗುವಿನ, ಡಬ್ಬಿ ತುಂಬಿದ ಹಾಗೆಯೇ ಮರಳುತ್ತಿದ್ದರೆ ಮುಂದಿನ ತಪಾಸಣೆಯವರೆಗೆ ಕಾಯದೆ ಅಂದೇ ಮನೆಯವರಿಗೆ ಫೋನ್ ಮಾಡಿ.